ಹೊಳೆದಂಡೆಯಲ್ಲಿ ಅರವತ್ತನಾಲ್ಕು ಕಡಿತ

ಅಕ್ಟೋಬರ್ ಹನ್ನೆರಡು, ಭಾನುವಾರ, ಸಂಜೆ ಐದು ಗಂಟೆ ಇಪ್ಪತ್ತು ನಿಮಿಷ. ನಾನು ಜೀವನದಲ್ಲಿ ಮೊದಲ ಸಲ ಭಂಗಿ ಕುಡಿದ ಹೊತ್ತು ಇದು ಎಂದು ನನ್ನ ಡೈರಿಯಲ್ಲಿದೆ. ಈ ಬರಹದಲ್ಲಿ ದಿನಾಂಕ, ವಾರ, ಗಂಟೆ, ನಿಮಿಷ ನಾಲ್ಕೂ ಸರಿ. ಉಳಿದದ್ದನ್ನು ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ. ಉರಿ ಮೊದಲು ಸೊಳ್ಳೆಗಳ ಮೇಲೆ. ಮನುಷ್ಯ ಎಲ್ಲ ಮರೆತು ಹಾಯಾಗಿ ಕೂರಬೇಕು ಅಂದುಕೊಂಡ ಕ್ಷಣದಲ್ಲಿ ಅವನಿಗೆ ಕಣಕಾಲು, ಕಿವಿಯ ಹಿಂಭಾಗ, ಮೊಣಕೈಯ ತುದಿ ಎಲ್ಲ ಇವೆ ಎಂದು ಒಂದೊಂದಾಗಿ ನೆನಪಿಸುವುದಕ್ಕೇ ಹುಟ್ಟಿದ ಪ್ರಾಣಿ ಅದು. ಆಮೇಲೆ ನನ್ನ ಉರಿ ಬೇರೆಯವರ ಮೇಲೂ ತಿರುಗಿತು. ಅದನ್ನು ಕ್ರಮವಾಗಿ ಹೇಳುತ್ತೇನೆ.

ನಾನು ಎಣಿಸುವವನು. ಕೆಲಸವೂ ಅದೇ. ತಿ. ನರಸೀಪುರದ ಕಡೆಯ ಒಂದು ನಾಲೆಯಲ್ಲಿ ನೀರಿನ ಮಟ್ಟವನ್ನು ದಿನಕ್ಕೆ ಮೂರು ಸಲ ನೋಡಿ ಬರೆದುಕೊಳ್ಳಬೇಕು. ಮನೆ ಇರುವುದು ನಂಜನಗೂಡಿನಲ್ಲಿ. ಹೋಗಿಬರುವ ಬಸ್ಸಿನಲ್ಲಿ ರಸ್ತೆಯ ಹಂಪುಗಳನ್ನು ಎಣಿಸುತ್ತೇನೆ. ಅಜ್ಜಿ ತಟ್ಟೆಗೆ ಹಾಕಿದ ದೋಸೆ ಎಣಿಸುತ್ತೇನೆ. ಇದು ಗುಣ ಎಂದೇ ತಿಳಿದಿದ್ದೆ. ಆಗಸ್ಟಿನಲ್ಲಿ ಬಿಳಿಗೆರೆಗೆ ಹೆಣ್ಣು ನೋಡಲು ಹೋದಾಗ, ನಾನೆಷ್ಟು ಗಮನವಿಟ್ಟು ಕೂತಿದ್ದೇನೆ ಎಂದು ಹುಡುಗಿಗೆ ತಿಳಿಯಲಿ ಅಂತ, ಆಕೆ ಅರ್ಧ ಗಂಟೆಯಲ್ಲಿ ಹನ್ನೊಂದು ಸಲ ಮೊಬೈಲ್ ನೋಡಿದ್ದನ್ನು ಹೇಳಿದೆ. ಎರಡು ದಿನ ಬಿಟ್ಟು ಉತ್ತರ ಬಂತು. ನನ್ನ ಜೊತೆ ಮಾತಾಡಿದರೆ ಹಾಜರಿ ಹಾಕಿಸಿಕೊಂಡ ಹಾಗಾಗುತ್ತದಂತೆ. ಅಂದಿನಿಂದ ನನಗೆ ಇದ್ದದ್ದು ಒಂದೇ ಆಸೆ: ಏನನ್ನೂ ಎಣಿಸದೆ ಒಂದು ಗಂಟೆ ಇರಬೇಕು. ನನ್ನಿಂದ ಅದು ಸಾಧ್ಯವೋ ಇಲ್ಲವೋ, ಮುಂದಿನ ಹುಡುಗಿಯ ಮುಂದೆ ಕೂರುವ ಮೊದಲೇ ನನಗೆ ಗೊತ್ತಾಗಬೇಕು.

ಇದನ್ನು ನನ್ನ ಜೊತೆ ಓದಿದ ಕಳಲೆಯ ಮಾದೇಶನಿಗೆ ಹೇಳಿದೆ. ಅವನು ರೇಷ್ಮೆ ಹುಳ ಸಾಕುತ್ತಾನೆ. ದಿನವಿಡೀ ಹಿಪ್ಪುನೇರಳೆಯ ನಡುವೆ ಇರುವುದರಿಂದಲೋ ಏನೋ, ಯಾವ ಕಷ್ಟ ಹೇಳಿಕೊಂಡರೂ ಸೊಪ್ಪಿನಲ್ಲೇ ಪರಿಹಾರ ಕೊಡುತ್ತಾನೆ. ಭಂಗಿ ಸೊಪ್ಪನ್ನು ಅರೆದು ಕುಡಿದು ಹೊಳೆದಂಡೆಯಲ್ಲಿ ಕೂತರೆ ಬಣ್ಣಗಳು ಕರಗಿ ಹರಿಯುತ್ತವೆ, ನೀರು ಮಾತಾಡುತ್ತದೆ, ಒಂದು ಎರಡು ಎಂಬುದೇ ಮರೆತುಹೋಗುತ್ತದೆ ಎಂದ. ಸೊಳ್ಳೆಗೆ ಏನು ಮಾಡುವುದೆಂದು ಕೇಳಿದೆ. ಅದಕ್ಕೆ ಲಕ್ಕಿ ಸೊಪ್ಪಿನ ಹೊಗೆ ಹಾಕಿದರಾಯಿತು ಎಂದ. ನಮ್ಮ ಕಡೆ ದನದ ಕೊಟ್ಟಿಗೆಯಲ್ಲಿ ಸಂಜೆ ಹಾಕುವುದು ಅದೇ ಹೊಗೆ. ಲಕ್ಕಿ ಬೇಲಿಯಲ್ಲೇ ಬೆಳೆಯುತ್ತದೆ. ಭಂಗಿಯನ್ನು ಎಲ್ಲಿಂದ ತರುತ್ತೀಯ ಎಂದು ನಾನು ಕೇಳಲಿಲ್ಲ, ಅವನೂ ಹೇಳಲಿಲ್ಲ.

ಶನಿವಾರ ಎರಡು ಪೊಟ್ಟಣಗಳನ್ನು ತಂದುಕೊಟ್ಟು, ಯಾವುದು ಏನು ಎಂದು ಬೈಕಿನ ಮೇಲಿಂದಲೇ ಕೂಗಿ ಹೇಳಿ ಹೋದ. ಎರಡೂ ಒಣಗಿ ಮುದುರಿದ ಐದು ಬೆರಳಿನ ಎಲೆ, ಎರಡಕ್ಕೂ ಒಂದೇ ಪೇಪರು. ಹೀಗೆ ಬಿಟ್ಟರೆ ಗೊಂದಲವಾಗುತ್ತದೆಂದು ನಾನು ಒಂದು, ಎರಡು ಎಂದು ಚೀಟಿ ಅಂಟಿಸಿ, ಡೈರಿಯಲ್ಲಿ ‘ಒಂದು ಕುಡಿಯಲು, ಎರಡು ಹೊಗೆಗೆ’ ಎಂದು ಬರೆದಿಟ್ಟೆ. ಭಾನುವಾರ ಮಧ್ಯಾಹ್ನ ಅಜ್ಜಿ ಮಲಗಿದ್ದಾಗ ಒಂದನೇ ಪೊಟ್ಟಣವನ್ನು ಅರೆದು ಹಾಲು ಬೆಲ್ಲ ಸೇರಿಸಿ ಫ್ಲಾಸ್ಕಿಗೆ ತುಂಬಿದೆ. ತಿ. ನರಸೀಪುರದ ದಾರಿಯಲ್ಲಿ ಕಪಿಲೆ ಬಾಗುವ ಒಂದು ಕಡೆ, ಪಂಪ್‌ಹೌಸಿನ ಪಕ್ಕದಲ್ಲಿ ಜಮಖಾನ ಹಾಸಿ ಇಬ್ಬರೂ ಕೂತೆವು. ಮಾದೇಶ ಒಂದು ಗುಟುಕು ಕುಡಿದು ಮೂಗು ಮುರಿದ.

“ಲೇ, ವಾಸ್ನೆ ಯಾಕೋ ಲಕ್ಕಿ ಇದ್ದಂಗದೆ ಕಣ್ಲಾ.”

ಬರೆದಿಟ್ಟಿದ್ದೇನೆ, ತಪ್ಪಾಗುವುದಿಲ್ಲ ಎಂದೆ. ಡೈರಿ ತೆರೆದು ತೋರಿಸಿದೆ. ಅಕ್ಷರ ನೋಡಿದ ಮೇಲೆ ಅವನು ಲೋಟ ಖಾಲಿ ಮಾಡಿದ. ಬೇವಿಗಿಂತ ಒಂದು ಕೈ ಮೇಲಾದ ಕಹಿ. ಇಂಥ ಕಹಿಯ ಹಿಂದೆ ದೊಡ್ಡದೇನೋ ಇರಲೇಬೇಕು ಅನ್ನಿಸಿ ನಾನು ಎರಡು ಲೋಟ ಕುಡಿದೆ.

ಐದು ಐವತ್ತಕ್ಕೆ ಮೊದಲ ಸೊಳ್ಳೆ ಬಂತು. ಎಣಿಸಬಾರದು ಎಂದುಕೊಂಡೆ. ಆದರೆ ಮೊದಲನೆಯದು ಎಂದುಕೊಂಡಾಗಲೇ ಎಣಿಕೆ ಶುರುವಾಗಿತ್ತಲ್ಲ. ಸೊಳ್ಳೆಬತ್ತಿ ಹಚ್ಚಿದೆ, ಹೊಳೆಯ ಗಾಳಿ ಅದರ ಹೊಗೆಯನ್ನು ಅತ್ತ ಕೊಂಡೊಯ್ದಿತು. ಮುಲಾಮು ಹಚ್ಚಿದೆ, ಸೊಳ್ಳೆಗಳು ಅದನ್ನು ಒಗ್ಗರಣೆ ಎಂದು ತಿಳಿದವು. ಕಾಲುಚೀಲದ ಮೇಲೆ ಕಾಲುಚೀಲ ಹಾಕಿದ್ದೆ, ಅವು ನೇಯ್ಗೆಯ ಸಂದಿಯನ್ನೇ ಹುಡುಕಿ ಸೂಜಿ ಇಳಿಸಿದವು. ಕೊನೆಗೆ, ಆರೂ ಐದಕ್ಕೆ, ಎರಡನೇ ಪೊಟ್ಟಣವನ್ನು ಹೊಗೆಗೆಂದೇ ತಂದು ಹೊತ್ತಿಸಿದ್ದ ಬೆರಣಿಯ ಕೆಂಡದ ಮೇಲೆ ಸುರಿದೆ. ದಟ್ಟ ಹೊಗೆ ಎದ್ದು, ನಮ್ಮತ್ತ ಒಮ್ಮೆಯೂ ತಿರುಗದೆ, ನೇರ ಪಂಪ್‌ಹೌಸಿನ ಬಾಗಿಲೊಳಗೆ ಹೋಯಿತು.

ಆರೂ ಇಪ್ಪತ್ತರ ಹೊತ್ತಿಗೆ ನನಗೆ ಶುರುವಾಯಿತು. ಸುಳ್ಳಲ್ಲ. ಹೊಳೆ ನಿಧಾನವಾಗಿ ಬದನೆಕಾಯಿ ಬಣ್ಣಕ್ಕೆ ತಿರುಗಿತು. ದೂರದ ಸೇತುವೆಯ ಕಂಬಗಳು ಉಸಿರಾಡಿದವು, ಮಲಗಿದ ಎಮ್ಮೆಯ ಹೊಟ್ಟೆಯ ಹಾಗೆ ಉಬ್ಬಿ ಇಳಿದವು. ಎದೆಯೊಳಗೆ ಏನೋ ಸಡಿಲವಾಗಿ, ನಾನು ಸಂಖ್ಯೆಗಳಿಲ್ಲದ ಒಂದು ಬಯಲಿನ ಅಂಚಿಗೆ ಬಂದು ನಿಂತ ಹಾಗಾಯಿತು. ಇನ್ನೊಂದೇ ಹೆಜ್ಜೆ. ಅಷ್ಟರಲ್ಲಿ ಕಿವಿಯ ಹಿಂದೆ ಇಪ್ಪತ್ತೊಂಬತ್ತನೆಯದು ಕಡಿಯಿತು. ಬಯಲು ಮುಚ್ಚಿತು. ಮತ್ತೆ ಕಣ್ಣುಮುಚ್ಚಿ ಕೂತೆ, ಮತ್ತೆ ತೆರೆಯಿತು, ಮೂವತ್ತನೆಯದು. ಹೀಗೆ ನಲವತ್ತರವರೆಗೆ. ಸ್ವರ್ಗದ ಬಾಗಿಲಲ್ಲಿ ಟಿಕೆಟ್ ಹರಿಯುವವನ ಹಾಗೆ ಪ್ರತಿ ಸಲ ಒಂದೊಂದು ಸೊಳ್ಳೆ. ನಾನು ಎದ್ದು ನಿಂತು ಹೊಳೆಗೆ ಕೇಳುವ ಹಾಗೆ ಬೈದೆ.

“ಕಡದ್ರೆ ಕಡೀಲಿ ಬುಡ್ಲಾ,” ಎಂದ ಮಾದೇಶ, ಟವೆಲಿನಲ್ಲಿ ಸುತ್ತಿಕೊಂಡ ತಲೆಯ ಒಳಗಿಂದ. “ಇನ್ನರ್ಧ ಗಂಟೇಲಿ ಅದೂ ನೀನೂ ಒಂದೇ ಅನ್ನುಸ್ತದೆ.”

“ಒಂದೇ ಆದ್ರೆ ನನ್ನನ್ಯಾಕ್ಲಾ ಕಡೀಬೇಕು, ತನ್ನೇ ತಾನು ಕಡ್ಕಳ್ಳಿ.”

ಆಗ ಪಂಪ್‌ಹೌಸ್ ಕಾಯುವ ಸಿದ್ದಪ್ಪ ಹೊರಗೆ ಬಂದರು. ಹಣೆ ತುಂಬ ವಿಭೂತಿ, ಮುಖದಲ್ಲಿ ಯಾವಾಗಲೂ ಯಾರೋ ಈಗಷ್ಟೇ ಅವಮಾನ ಮಾಡಿದ ಭಾವ. ನಾವು ಕೂರುವಾಗಲೇ, ಇಲ್ಲಿ ಕೂರಬಾರದು ಎಂದು ಗದರಿದ್ದರು. ಈಗ ಬಂದವರು ನನ್ನ ಪಕ್ಕದಲ್ಲಿ ಮೆಲ್ಲಗೆ ಕೂತು ನನ್ನ ಕೈ ಹಿಡಿದುಕೊಂಡರು.

“ಸಾ, ಈ ಒಳೆ ಎಷ್ಟ್ ಚೆಂದಾಗದೆ ನೋಡಿ ಸಾ. ಇಪ್ಪತ್ತೆರಡ್ ವರ್ಸದಿಂದ ಇಲ್ಲೇ ಇವ್ನಿ, ಇವತ್ತೇ ಕಣ್ಣಿಗ್ ಬಿದ್ದದ್ದು.”

ಅವರ ತೋಳಿನ ಮೇಲೆ ಏಳು ಸೊಳ್ಳೆ ಕೂತಿದ್ದವು. ಒಂದೂ ಕಡಿಯುತ್ತಿರಲಿಲ್ಲ. ಹೊಗೆಯೊಳಗಿಂದಲೇ ಬಂದಿದ್ದ ಅವು ರೆಕ್ಕೆ ಚೆಲ್ಲಿ, ಊಟ ಮುಗಿಸಿ ಜಗಲಿಯಲ್ಲಿ ಒರಗಿದವರ ಹಾಗೆ ಕೂತಿದ್ದವು. ಸಿದ್ದಪ್ಪ ಅವುಗಳನ್ನು ನೋಡಿ ನಕ್ಕರು. ಒಂದನ್ನು ಸವರಲೂ ಹೋದರು. ನನಗೆ ಎಲ್ಲಿಲ್ಲದ ಕೋಪ ಬಂತು. ಕಷ್ಟಪಟ್ಟು ಕಹಿ ಕುಡಿದವನು ನಾನು, ಹೊಳೆಯ ಚೆಂದ ಕಂಡದ್ದು ಅವರಿಗೆ. ಏಳೂ ಹತ್ತಕ್ಕೆ ಜಮಖಾನ ಮಡಚಿದೆ. ಬಸ್ಸಿನಲ್ಲಿ ಲೆಕ್ಕ ಬರೆದೆ: ಕಡಿತ ಅರವತ್ತನಾಲ್ಕು, ಹೊಡೆದದ್ದು ನಲವತ್ತೊಂದು ಸಲ, ಸತ್ತದ್ದು ಒಂಬತ್ತು, ಅದರಲ್ಲಿ ಎರಡು ಮಾದೇಶನ ಕೆನ್ನೆಯ ಮೇಲೆ. ಅದರ ಕೆಳಗೆ ಹೊಳೆಯ ಬಣ್ಣ, ಸೇತುವೆಯ ಉಸಿರು, ಆ ಬಯಲು ಎಲ್ಲವನ್ನೂ ಎರಡು ಪುಟ ಬರೆದೆ. ಒಂಬತ್ತು ವರ್ಷದ ಡೈರಿಯಲ್ಲಿ ಅಂಕಿಯೇ ಇಲ್ಲದ ಪುಟಗಳು ಅವೆರಡೇ. ನಂಜನಗೂಡು ಬರುವವರೆಗೂ ಅವನ್ನೇ ಓದಿಕೊಂಡೆ.

ಸೋಮವಾರ ಬೆಳಿಗ್ಗೆ ಅಜ್ಜಿ ಫ್ಲಾಸ್ಕ್ ತೊಳೆಯಲು ಹೋಗಿ ಮೂಸಿ ನೋಡಿದರು.

“ಇದ್ಯಾಕ್ಲಾ ಲಕ್ಕಿ ಸೊಪ್ಪ ಅರ್ದಿದ್ದೀಯೆ? ಬಾಣಂತಿ ನೀರಿಗೆ ಆಕೋದು ಕಣ್ಲಾ ಇದು. ಯಾರಿಗೆ ಮಗು ಆಯ್ತು?”

ಯಾರಿಗೂ ಇಲ್ಲ ಎಂದೆ. ಒಳಗೆ ಹೋಗಿ ಡೈರಿ ತೆಗೆದೆ. ಮಾದೇಶನಿಗೆ ಫೋನ್ ಮಾಡಿದಾಗ, ಅಂದು ಬೈಕಿನ ಮೇಲಿಂದ ತಾನು ಹೇಳಿದ್ದು ಸರಿಯಾಗಿಯೇ ಇತ್ತು, ಚೀಟಿ ಅಂಟಿಸಿದವನು ನೀನು ಎಂದ. ಆಮೇಲೆ ಬಹಳ ಹೊತ್ತು ನಕ್ಕ. ಎಷ್ಟು ಹೊತ್ತು ಎಂದು ಇಲ್ಲಿ ಬರೆಯುವುದಿಲ್ಲ.

ಈಗ ನನ್ನ ಸಂಕಟ ಏನೆಂದರೆ ಆ ಎರಡು ಪುಟ. ಭಂಗಿ ಸುಟ್ಟ ಹೊಗೆ ನಮ್ಮ ಕಡೆ ಬೀಸಲೇ ಇಲ್ಲ ಎಂದು ಆರೂ ಐದಕ್ಕೆ ನಾನೇ ಬರೆದಿದ್ದೇನೆ, ಆದ್ದರಿಂದ ಆ ದಾರಿಯನ್ನು ನಾನೇ ಮುಚ್ಚಿಕೊಂಡಿದ್ದೇನೆ. ಅಂದರೆ ಬಾಣಂತಿ ನೀರಿನ ಸೊಪ್ಪನ್ನು ಹಾಲಲ್ಲಿ ಕುಡಿದು ನಾನು ಸೇತುವೆ ಉಸಿರಾಡಿದ್ದನ್ನು ಕಂಡಿದ್ದೇನೆ. ಸುಳ್ಳು ಎಂದು ಹೊಡೆದುಹಾಕಲು ಮೂರು ಸಲ ಪೆನ್ನು ಎತ್ತಿದೆ, ಕೈ ಬರಲಿಲ್ಲ. ಲಕ್ಕಿ ಸೊಪ್ಪು ಕುಡಿದು ಹೊಳೆ ಬದನೆಕಾಯಿ ಬಣ್ಣಕ್ಕೆ ತಿರುಗಿದ್ದನ್ನು ನೋಡಿದವರು ನಿಮ್ಮಲ್ಲಿ ಯಾರಾದರೂ ಇದ್ದರೆ ದಯವಿಟ್ಟು ನನಗೆ ಬರೆದು ತಿಳಿಸಿ, ಕುಡಿದ ಪ್ರಮಾಣ ಮತ್ತು ಹೊತ್ತಿನ ಸಮೇತ. ಹಾಗೆಲ್ಲ ಏನೂ ಆಗುವುದಿಲ್ಲ ಎಂದು ಖಚಿತವಾಗಿ ಬಲ್ಲವರು ಮಾತ್ರ ಬರೆಯುವ ತೊಂದರೆ ತೆಗೆದುಕೊಳ್ಳಬೇಡಿ.