ಗಾಜಿನ ಕಡಲಿಗೆ ಅಜ್ಜಿಕಲ್ಲು

ಬಹಳ ಹಿಂದೆ, ಸಮಿತಿಗಳಿಗೆ ಇನ್ನೂ ಉಪಸಮಿತಿಗಳು ಹುಟ್ಟಿರದಿದ್ದ ಕಾಲದಲ್ಲಿ, ಸಮುದ್ರದ ಮಗ್ಗುಲಲ್ಲಿ ಲವಣಾವತಿ ಎಂಬ ರಾಜ್ಯವಿತ್ತು. ಅದನ್ನು ಆಳುತ್ತಿದ್ದ ಗಂಭೀರವರ್ಮ ಮಹಾರಾಜರು ಕೆಟ್ಟವರಲ್ಲ. ಅವರಿಗೆ ಮಾತು ಸೇರುತ್ತಿರಲಿಲ್ಲ, ಅಷ್ಟೆ. ಸಮುದ್ರ ಕಿಟಕಿಯಾಚೆಗೇ ಇದ್ದರೂ ಅದು ಹಗಲಿರುಳು ಸದ್ದು ಮಾಡುತ್ತದೆಂದು, ಆಸ್ಥಾನದ ನಡುವೆ ಆನೆಲಾಯದಷ್ಟು ದೊಡ್ಡ ಗಾಜಿನ ತೊಟ್ಟಿ ಕಟ್ಟಿಸಿ, ಉಪ್ಪುನೀರು ತುಂಬಿಸಿ, ಮೀನು ಬಿಡಿಸಿದ್ದರು. ಅದಕ್ಕೆ ಗಾಜಿನ ಕಡಲು ಎಂದು ಹೆಸರು. ಅದರೊಳಗಿನ ಮೀನುಗಳು ಬಾಯಿ ತೆರೆಯುತ್ತಿದ್ದವು, ಮುಚ್ಚುತ್ತಿದ್ದವು, ಏನನ್ನೂ ಹೇಳುತ್ತಿರಲಿಲ್ಲ. ಮಂತ್ರಿಮಂಡಲಕ್ಕೆ ಇದಕ್ಕಿಂತ ಒಳ್ಳೆಯ ತರಬೇತಿ ಶಿಬಿರವಿಲ್ಲ ಎಂಬುದು ಮಹಾರಾಜರ ಅಭಿಪ್ರಾಯವಾಗಿತ್ತು.

ಹೀಗಾಗಿ ಆ ಆಸ್ಥಾನದಲ್ಲಿ ಎರಡು ಸಂಪ್ರದಾಯಗಳು ಬೆಳೆದುಬಂದಿದ್ದವು. ಯಾರಾದರೂ ಮಂತ್ರಿಯಾದಾಗ ಪ್ರಮಾಣವಚನದ ಬಳಿಕ ಅವನ ಹೆಸರಿನಲ್ಲಿ ತೊಟ್ಟಿಗೊಂದು ಮೀನು ಬಿಡುತ್ತಿದ್ದರು. ಮೀನನ್ನು ಹೊರತೆಗೆದರೆ ಮಂತ್ರಿಯ ಕುರ್ಚಿ ಹೋಯಿತೆಂದು ಅರ್ಥ. ಇನ್ನೊಂದು, ಕಡತ ಮುಂದಿರುವಾಗ ಮಹಾರಾಜರು ಸುಮ್ಮನಿದ್ದರೆ ಗುಮಾಸ್ತನು ಅದರ ಮೇಲೆ ‘ಸಮ್ಮತಿ’ ಎಂದು ಬರೆಯಬೇಕು. ರಾಜ್ಯದ ಅರ್ಧದಷ್ಟು ಕಾನೂನುಗಳು ಮಹಾರಾಜರು ಮೀನು ನೋಡುತ್ತಿದ್ದಾಗ ಜಾರಿಯಾದಂಥವು. ಉಳಿದರ್ಧ ಅವರು ತೂಕಡಿಸುತ್ತಿದ್ದಾಗ.

ಒಮ್ಮೆ ಮಹಾರಾಜರು ನೆರೆಯ ಮಣಿದ್ವೀಪಕ್ಕೆ ಸೌಹಾರ್ದ ಭೇಟಿ ಕೊಟ್ಟರು. ಅಲ್ಲಿಯ ಅರಸನ ತೊಟ್ಟಿಯಲ್ಲಿ ಮೀನುಗಳ ಜೊತೆಗೆ ಜೀವಂತ ಹವಳಗಳೂ ಇದ್ದವು. ನೇರಳೆ, ಹಳದಿ, ಕೆಂಪು; ನೀರಿನೊಳಗೆ ಯಾರೋ ತೋಟ ಮಾಡಿದಂತೆ. ಅರಸ ನಕ್ಕು ಕೇಳಿದ: “ನಿಮ್ಮದು ಇನ್ನೂ ಬರೀ ಮೀನಿನ ತೊಟ್ಟಿಯೇ?”

ಮರಳಿ ಬಂದ ಮಹಾರಾಜರು ಊಟದಲ್ಲಿ ಮಾತಾಡಲಿಲ್ಲ. ಮೊದಲೂ ಆಡುತ್ತಿರಲಿಲ್ಲ. ಆದರೆ ಈ ಸಲದ ಮೌನ ಬೇರೆ ಬಗೆಯದು ಎಂದು ಮಹಾಮಂತ್ರಿ ಅನುಮೋದರಾಯರು ಮೊಸರನ್ನ ಬರುವಷ್ಟರಲ್ಲಿ ಗುರುತಿಸಿದರು. ಮೌನದ ತಳಿ ಗುರುತಿಸುವುದರಲ್ಲಿ ಅವರು ಪಳಗಿದವರು.

“ಪ್ರಭೂ, ತಮ್ಮ ಮನಸ್ಸಿನಲ್ಲಿ ಹವಳವಿದೆ.”

“ಹೇಗೆ ತಿಳಿಯಿತು?”

“ತಮ್ಮ ಮನಸ್ಸಿನಲ್ಲಿ ಕಲ್ಲಿದ್ದರೂ ಅದು ಹವಳವೇ ಆಗಿರುತ್ತದೆ, ಪ್ರಭೂ.”

ಮರುದಿನವೇ ‘ಗಾಜಿನ ಕಡಲು ಮೇಲ್ದರ್ಜೆ ಯೋಜನೆ’ ಘೋಷಣೆಯಾಯಿತು. ಕಾರ್ತಿಕ ಹುಣ್ಣಿಮೆಗೆ ಮಣಿದ್ವೀಪದ ಅರಸನನ್ನೇ ಉದ್ಘಾಟನೆಗೆ ಕರೆಯುವುದೆಂದೂ ಆಯಿತು. ದಿನಾಂಕ ನಿಶ್ಚಯವಾದ ಮೇಲೆ, ಪದ್ಧತಿಯಂತೆ, ತಜ್ಞರನ್ನು ಕರೆಸಿದರು.

ತಜ್ಞರ ಹೆಸರು ಪ್ರವಾಳಭಟ್ಟ. ಅವರು ತೊಟ್ಟಿಯನ್ನು ಒಂದು ಸುತ್ತು ಬಂದು ಪ್ರೆಸೆಂಟೇಶನ್ ಶುರುಮಾಡಿದರು. ಮೀನುಗಳಿಗೆ ಚುಕ್ಕೆರೋಗ ಬಂದಾಗಲೆಲ್ಲ ರಾಜವೈದ್ಯರು ನೀರಿಗೆ ತಾಮ್ರದ ಔಷಧಿ ಸುರಿದಿದ್ದಾರೆ. ತಳದ ಕಲ್ಲುಗಳು ಅದನ್ನು ಕುಡಿದು ಕೂತಿವೆ. ಹವಳಕ್ಕೆ ಅದು ವಿಷ. ಕಲ್ಲನ್ನೂ ಮರಳನ್ನೂ ಪೂರ್ತಿ ಬದಲಿಸಬೇಕು. ಬಿಸಿಲಿನಂಥ ಬೆಳಕು ಬೇಕು. ನೀರು ಹದಕ್ಕೆ ಬರಲು ಒಂದು ವರ್ಷವಾದರೂ ಕಾಯಬೇಕು.

“ಕೊನೆಯದಾಗಿ,” ಎಂದು ಅವರು ದನಿ ತಗ್ಗಿಸಿದರು, “ಆ ಹಸಿರು ಗಿಳಿಮೀನನ್ನು ತೆಗೆಯಬೇಕು. ಅದಕ್ಕಿರುವುದು ಬಾಯಲ್ಲ, ಇಕ್ಕಳ. ಹವಳ ಕಂಡರೆ ಕಲ್ಲು ಸಮೇತ ಕಡಿದು ತಿನ್ನುತ್ತದೆ.”

ಸಭೆಯ ಕಣ್ಣುಗಳೆಲ್ಲ ಒಂದೇ ಕುರ್ಚಿಯ ಕಡೆ ತಿರುಗಿದವು. ಗಿಳಿಮೀನು ಕಂದಾಯ ಮಂತ್ರಿ ದಂತಪಾಲರದು.

ದಂತಪಾಲರು ನಿಧಾನವಾಗಿ ಎದ್ದರು. “ಭಟ್ಟರೇ, ನನ್ನ ಮೀನು ಕಲ್ಲು ತಿನ್ನುತ್ತದೆ, ನಿಜ. ತಿಂದು ಏನು ಮಾಡುತ್ತದೆ?”

“ಮರಳು... ವಿಸರ್ಜಿಸುತ್ತದೆ.”

“ಕೇಳಿದಿರಾ, ಪ್ರಭೂ? ನಿರುಪಯುಕ್ತ ಕಲ್ಲನ್ನು ಮರಳನ್ನಾಗಿ ಪರಿವರ್ತಿಸುತ್ತದೆ! ರಾಜ್ಯದಲ್ಲಿ ಮರಳಿಗೆ ಎಷ್ಟು ಬೇಡಿಕೆಯಿದೆ ಎಂಬುದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಇದು ಮೀನಲ್ಲ, ಉದ್ಯಮ.”

ಸಭೆ ಚಪ್ಪಾಳೆ ತಟ್ಟಿತು. ತಾಮ್ರದ ಬಗ್ಗೆ ನೇಮಿಸಿದ ಉನ್ನತ ಮಟ್ಟದ ಸಮಿತಿಯು, ಪ್ರಜೆಗಳೆಲ್ಲ ತಾಮ್ರದ ತಂಬಿಗೆಯಲ್ಲೇ ನೀರು ಕುಡಿದು ಗಟ್ಟಿಮುಟ್ಟಾಗಿರುವಾಗ ಹವಳಕ್ಕೆ ಮಾತ್ರ ಅದು ಒಗ್ಗದು ಎಂಬುದು ಹವಳದ ಅಹಂಕಾರವೆಂದು ವರದಿ ಕೊಟ್ಟಿತು. ಒಂದು ವರ್ಷದ ಸಲಹೆಯನ್ನು ಹುಣ್ಣಿಮೆಗೆ ಹೊಂದುವಂತೆ ತಿದ್ದಲಾಯಿತು. ಬೆಳಕಿನ ಸಲಹೆ ಮಾತ್ರ ಎಲ್ಲರಿಗೂ ಒಪ್ಪಿಗೆಯಾಗಿ, ರಾಜಧಾನಿಯ ಬೀದಿದೀಪಗಳನ್ನೆಲ್ಲ ಕಿತ್ತು ತೊಟ್ಟಿಯ ಮೇಲೆ ತೂಗುಹಾಕಿದರು. ಭಟ್ಟರಿಗೆ ಶಾಲು ಹೊದಿಸಿ, ಅವರು ಮತ್ತೆ ಮಾತಾಡುವ ಮೊದಲೇ ರಥ ಹತ್ತಿಸಿದರು.

ಇನ್ನು ಹವಳ. ಅದು ಇದ್ದುದು ಒಂದೇ ಕಡೆ, ಬಂಡೆಕೇರಿ ಎಂಬ ಬೆಸ್ತರ ಹಳ್ಳಿಯ ಎದುರು, ನೀರಿನಡಿಯ ಉದ್ದನೆಯ ದಿಬ್ಬದಲ್ಲಿ. ಹಳ್ಳಿಯವರು ಅದನ್ನು ಅಜ್ಜಿಕಲ್ಲು ಎನ್ನುತ್ತಿದ್ದರು. ಹೊಸ್ತಿಲಲ್ಲಿ ಕೂತ ಅಜ್ಜಿಯಂತೆ ಅದು. ಕಡಲು ಒಳಗೆ ಬರಬೇಕಾದರೆ ಅವಳನ್ನು ಕೇಳಿಯೇ ಬರಬೇಕು. ದೊಡ್ಡ ತೆರೆಗಳೆಲ್ಲ ಅವಳ ಬೆನ್ನಿಗೆ ಬಡಿದು, ಮುರಿದು, ಬಂಡೆಕೇರಿಯ ಅಂಗಳ ಮುಟ್ಟುವಷ್ಟರಲ್ಲಿ ಬರೀ ನೊರೆಯಾಗಿರುತ್ತಿದ್ದವು.

ರಾಜದೋಣಿಗಳು ಬಂದು ಅಜ್ಜಿಕಲ್ಲಿನ ಒಂದು ಮೂಲೆ ಒಡೆದು ಒಯ್ದವು. ಹಳ್ಳಿಗೆ ‘ಹವಳದಾನಿ ಗ್ರಾಮ’ ಎಂಬ ಬಿರುದೂ ಒಂದು ಫಲಕವೂ ಸಿಕ್ಕಿತು. ಊರಿನ ಹಿರಿಯಳು ದುಗ್ಗಮ್ಮ ಮೊದಲಿಗೆ ತಲೆ ಕೆಡಿಸಿಕೊಳ್ಳಲಿಲ್ಲ. “ಅರಸರಿಗೆ ಆಸೆ ಆಯ್ತು, ಕೊಟ್ಟಾಯ್ತು. ಅಜ್ಜಿಗೆ ಒಂದು ಹಲ್ಲು ಹೋದ್ರೆ ಎಂತ ಆಗ್ತದೆ?” ಎಂದಳು.

ಆದರೆ ಗಾಜಿನ ಕಡಲಿನಲ್ಲಿ ಗಿಳಿಮೀನು ಅಂದೇ ರಾತ್ರಿ ಆ ಹಲ್ಲನ್ನು ಮುಗಿಸಿತ್ತು. ಅದು ತಿನ್ನದೆ ಬಿಟ್ಟ ತುಂಡುಗಳು ತಾಮ್ರದ ಮಹಿಮೆಯಿಂದ ಸತ್ತು ಬೆಳ್ಳಗೆ ಬಿಳಿಚಿದವು. ಮತ್ತೆ ದೋಣಿ ಬಂದವು. ಮತ್ತೆ ತುಂಬಿಸಿದರು, ಮತ್ತೆ ಖಾಲಿಯಾಯಿತು. ತೊಟ್ಟಿಯ ತಳದಲ್ಲಿ ಮರಳು ಏರುತ್ತ ಹೋಯಿತು. ದಂತಪಾಲರು ಅದಕ್ಕೆ ಟೆಂಡರ್ ಕರೆದರು. ಬಂಡೆಕೇರಿಯಲ್ಲಿ ತೆರೆಗಳು ಅಂಗಳ ದಾಟಿ ಜಗಲಿಗೆ ಬಂದವು. ಒಂದು ಬೆಳಿಗ್ಗೆ ದುಗ್ಗಮ್ಮನ ಒಲೆಯಲ್ಲಿ ಒಂದು ಏಡಿ ಕೂತಿತ್ತು.

ರಾಜದೋಣಿಯವರ ಬಾಯಿಂದ ಗಿಳಿಮೀನಿನ ಕಥೆ ಕೇಳಿದ್ದ ಆಕೆ ಅಂದೇ ಆಸ್ಥಾನಕ್ಕೆ ಬಂದಳು. ಬಾಗಿಲಲ್ಲಿ ಅನುಮೋದರಾಯರು ತಡೆದರು.

“ಹವಳದಾನಿ ಮಾತೆಯೇ, ಬಂದ ಕಾರಣವೇನು?”

“ಮಾತೆ ಗೀತೆ ಬೇಡ ಮಾರಾಯ್ರೆ, ದಾರಿ ಬಿಡಿ. ನಂಗೆ ಅರಸರ ಹತ್ರ ಒಂದೇ ಮಾತುಂಟು.”

ಮಹಾರಾಜರು ಗಾಜಿನ ಮುಂದೆ ಕುಳಿತಿದ್ದರು. ಅವರ ಪಕ್ಕದಲ್ಲಿ ಒಂದು ಕಡತ. ಅಜ್ಜಿಕಲ್ಲಿನಲ್ಲಿ ಉಳಿದುದನ್ನೆಲ್ಲ ಒಮ್ಮೆಗೇ ತರುವ ಪ್ರಸ್ತಾಪ ಅದರಲ್ಲಿತ್ತು. ಗುಮಾಸ್ತ ಲೇಖನಿ ಅದ್ದಿಕೊಂಡು ಕಾಯುತ್ತಿದ್ದ. ಗಿಳಿಮೀನು ಗಾಜಿನಾಚೆ ಕಟಕಟನೆ ಅಗಿಯುತ್ತಿತ್ತು. ಹವಳ ಬರುವವರೆಗೆ ಆ ತೊಟ್ಟಿಯಿಂದ ಸದ್ದೇ ಬಂದಿರಲಿಲ್ಲ. ಮಹಾರಾಜರಿಗೂ ನಿದ್ದೆ ಕೆಟ್ಟಿತ್ತು.

“ಒಡೆಯಾ,” ಎಂದಳು ದುಗ್ಗಮ್ಮ, “ಅಜ್ಜಿ ಪೂರ್ತಿ ಹೋದ್ರೆ ಕಡಲು ನಮ್ಮ ಮನೆಯೊಳಗೇ ಬಂದು ಮಲಗ್ತದೆ. ಅಷ್ಟೂ ಕಲ್ಲು ಹೊತ್ತು ತರುದಕ್ಕಿಂತ ಆ ಒಂದು ಮೀನು ತೆಗೀರಿ. ಒಂದೇ ಮೀನು. ಬಲೆ ನಾನೇ ತಂದಿದ್ದೇನೆ.”

ದಂತಪಾಲರು ಕೆಮ್ಮಿದರು. “ಆ ಮೀನಿನ ಹಿಂದೆ ಹನ್ನೊಂದು ಮೀನುಗಳ ಬೆಂಬಲವಿದೆ, ಪ್ರಭೂ. ಒಂದು ಹೊರಬಂದರೆ ಎಲ್ಲವೂ ಹೊರಬರುತ್ತವೆ.”

“ಬರ್ಲಿ ಬಿಡಿ,” ಎಂದಳು ದುಗ್ಗಮ್ಮ. “ನನ್ನ ಬಲೆ ದೊಡ್ಡದುಂಟು.”

ಮಹಾರಾಜರ ತುಟಿಯಂಚಿನಲ್ಲಿ ನಗೆಯಂಥದೇನೋ ಮೂಡಿತು. ಅವರು ಮೀನನ್ನು ನೋಡಿದರು. ದುಗ್ಗಮ್ಮನ ಒದ್ದೆ ಸೆರಗನ್ನು ನೋಡಿದರು. ಗಾಜಿನಲ್ಲಿ ಅವರ ಮುಖ ಕಾಣುತ್ತಿತ್ತು. ಅದರ ಮೇಲೆ ಗಿಳಿಮೀನು ಆಚೀಚೆ ಈಜುತ್ತಿತ್ತು. ಹೇಳಬೇಕಾದ್ದು ಬಹಳವೇನಿರಲಿಲ್ಲ. ‘ತೆಗೆಯಿರಿ’ ಎಂದರೆ ಸಾಕಿತ್ತು. ಆ ಮಾತು ಅವರ ಗಂಟಲಿನವರೆಗೆ ಬಂದಿತ್ತೆಂದು ಹತ್ತಿರವಿದ್ದವರು ಆಮೇಲೆ ಹೇಳಿದ್ದುಂಟು. ಅವರು ಬಾಯಿ ತೆರೆದರು. ಮಾತಾಡಿ ರೂಢಿಯಿಲ್ಲದ ಬಾಯಿ ಅದು. ಮುಚ್ಚಿದರು.

ಗುಮಾಸ್ತ ಕಡತದ ಮೇಲೆ ‘ಸಮ್ಮತಿ’ ಎಂದು ಬರೆದ.

ಹುಣ್ಣಿಮೆ ಬಂತು. ದೀಪವಿಲ್ಲದ ಊರಿಗೆ ಬರೀ ಬೆಳದಿಂಗಳು, ಆಸ್ಥಾನದಲ್ಲಿ ಮಾತ್ರ ಮಧ್ಯಾಹ್ನ. ಅಷ್ಟೂ ಬೀದಿದೀಪಗಳ ಕೆಳಗೆ ಗಾಜಿನ ಕಡಲಿನಲ್ಲಿ ಎಲುಬಿನಂಥ ಬಿಳಿ ಕೊಂಬೆಗಳ ರಾಶಿ, ಅದರ ನಡುವೆ ಕೊಬ್ಬಿದ ಗಿಳಿಮೀನು. ಮಣಿದ್ವೀಪದ ಅರಸ ಬಹಳ ಹೊತ್ತು ನೋಡಿದ. ಅವನಿಗೆ ಎಲ್ಲವೂ ಅರ್ಥವಾಯಿತು. ಆದರೆ ಅವನೂ ಅರಸ.

“ಆಹಾ! ಇಷ್ಟು ಬಿಳಿಯ ಹವಳ ನಮ್ಮಲ್ಲಿ ಇಲ್ಲ.”

“ಶ್ವೇತಪ್ರವಾಳ!” ಎಂದರು ಅನುಮೋದರಾಯರು. “ಬಣ್ಣವೆಂಬ ಭೇದಭಾವವನ್ನು ನಮ್ಮ ಪ್ರಭುಗಳು ನೀರಿನಡಿಯಲ್ಲೂ ಅಳಿಸಿದ್ದಾರೆ.”

ಅದೇ ಹೊತ್ತಿಗೆ, ಹುಣ್ಣಿಮೆಯ ಉಬ್ಬರದಲ್ಲಿ, ಕಡಲು ಹೊಸ್ತಿಲಲ್ಲಿ ಯಾರನ್ನೂ ಕೇಳಬೇಕಾಗಿರದೆ ಬಂಡೆಕೇರಿಯೊಳಕ್ಕೆ ಬಂತು. ಜನರು ಪಾತ್ರೆಪಗಡೆ ಹೊತ್ತು ಮೊದಲೇ ಗುಡ್ಡ ಹತ್ತಿದ್ದರು. ಬಂದ ನೀರು ಮರಳಿ ಹೋಗಲಿಲ್ಲ.

ಮಹಾರಾಜರು ಪರಿಶೀಲನೆಗೆ ದೋಣಿಯಲ್ಲಿ ಹೋದರು. ನೀರು ತಿಳಿಯಾಗಿತ್ತು. ಕೆಳಗೆ ಗೋಡೆಗಳು, ಕಿಟಕಿಗಳು, ತುಳಸಿಕಟ್ಟೆ. ಒಂದು ಕಿಟಕಿಯಿಂದ ಹಳದಿ ಮೀನುಗಳ ಹಿಂಡು ಒಳಹೊಕ್ಕು ಬಾಗಿಲಿನಿಂದ ಹೊರಬಂತು. ಮಹಾರಾಜರು ಬಾಗಿ, ಬಹಳ ಹೊತ್ತು ನೋಡಿ, ತಮ್ಮ ಆಳ್ವಿಕೆಯ ಅತ್ಯಂತ ಉದ್ದನೆಯ ಭಾಷಣ ಮಾಡಿದರು: “ನನಗೆ ಬೇಕಾಗಿದ್ದುದು ಇದೇ.”

ಬಂಡೆಕೇರಿಗೆ ‘ರಾಷ್ಟ್ರೀಯ ಜಲೋದ್ಯಾನ’ ಎಂದು ನಾಮಕರಣವಾಯಿತು. ದಂತಪಾಲರಿಗೆ ಅದರ ಅಧ್ಯಕ್ಷರಾಗಿ ಬಡ್ತಿ ಕೊಟ್ಟು, ಅವರ ಗಿಳಿಮೀನನ್ನು ಮೆರವಣಿಗೆಯಲ್ಲಿ ತಂದು ಅಲ್ಲಿ ಬಿಟ್ಟರು. ನೋಡಲು ತಳಕ್ಕೆ ಗಾಜು ಕೂರಿಸಿದ ದೋಣಿಗಳು ಬಂದವು. ಟಿಕೆಟ್ ಎಲ್ಲರಿಗೂ ಒಂದೇ ದರ; ಹಳೆಯ ನಿವಾಸಿಗಳಿಗೆ ಮಾತ್ರ ತುಸು ಹೆಚ್ಚು, ಏಕೆಂದರೆ ಅವರು ಒಂದೇ ಜಾಗವನ್ನು ಬಹಳ ಹೊತ್ತು ನೋಡುತ್ತಾರೆ. ಇದೇ ಸಂದರ್ಭದಲ್ಲಿ ಮಹಾರಾಜರು ಉದಾರಮನಸ್ಸಿನಿಂದ, ಅದುವರೆಗೆ ತಮಗೊಬ್ಬರಿಗೇ ಮೀಸಲಾಗಿದ್ದ ಮೌನದ ಹಕ್ಕನ್ನು ಸಮಸ್ತ ಪ್ರಜೆಗಳಿಗೂ ವಿಸ್ತರಿಸಿ, ದೋಣಿಗೊಬ್ಬ ಗುಮಾಸ್ತನನ್ನೂ ಕೂರಿಸಿದರು.

ದುಗ್ಗಮ್ಮ ಒಂದು ದಿನ ಟಿಕೆಟ್ ಕೊಂಡು ದೋಣಿ ಹತ್ತಿದಳು.

“ಅಜ್ಜೀ, ಏನು ನೋಡ್ಬೇಕು ಹೇಳಿ, ಅಲ್ಲಿಗೇ ಬಿಡ್ತೇನೆ,” ಎಂದ ಅಂಬಿಗ.

“ನನ್ನ ಅಡುಗೆಮನೆ.”

ಅವಳು ಕೈತೋರಿಸಿದಲ್ಲಿಗೆ ಬಂದು ಅಂಬಿಗ ಹುಟ್ಟು ನಿಲ್ಲಿಸಿದ. ಕೆಳಗೆ ಒಲೆ, ಒರಳುಕಲ್ಲು, ಅವಳು ಪ್ರತಿ ದೀಪಾವಳಿಗೆ ಸುಣ್ಣ ಬಳಿಯುತ್ತಿದ್ದ ಗೋಡೆ. ಗೋಡೆಯ ಮೂಲೆಗೆ ಗಿಳಿಮೀನು ಬಾಯಿ ಹಾಕಿತ್ತು. ಕಟಕಟ ಸದ್ದು ನೀರಿನಿಂದ ದೋಣಿಯ ಹಲಗೆಗೆ, ಹಲಗೆಯಿಂದ ಅವಳ ಅಂಗಾಲಿಗೆ ಹತ್ತಿತು.

ದುಗ್ಗಮ್ಮ ಬಾಯಿ ತೆರೆದಳು. ಎಲ್ಲಿಂದ ಶುರುಮಾಡಬೇಕೆಂದು ತಿಳಿಯಲಿಲ್ಲ. ಮುಚ್ಚಿದಳು.

ದೋಣಿಯ ಹಿಂಬದಿಯಲ್ಲಿ ಕುಳಿತಿದ್ದ ಗುಮಾಸ್ತ ತಲೆಯೆತ್ತಿ ಅವಳನ್ನು ಒಮ್ಮೆ ನೋಡಿ, ಲೇಖನಿಯನ್ನು ಶಾಯಿಗೆ ಅದ್ದಿದ.