ನಮ್ಮ ಆಲ್ಬಂ ಕೆಡಿಸಿದ ಬಾಲ್ಕನಿಯ ಟಗರಿಗೆ

ಮಾನ್ಯ ಟಗರು ಮಹಾಶಯರೇ,

ಕಾನ್‌ಸ್ಟಂಟೀನ್ ನಗರದ ನಾಲ್ಕನೇ ಮಹಡಿಯ ಬಾಲ್ಕನಿಯಲ್ಲಿ ಜವೆ ಮೆಲ್ಲುತ್ತ, ಬೀದಿಯವರೆಲ್ಲರ ಯೋಗಕ್ಷೇಮವನ್ನು ಮೇಲಿಂದಲೇ ಕೂಗಿ ವಿಚಾರಿಸಿಕೊಳ್ಳುವ ತಮಗೆ, 'ಕಂದರ' ಎಂಬ ಮೆಟಲ್ ಸಂಗೀತದ ತಂಡದ ಗಾಯಕ ಝುಬೀರ್ ಬೆಲ್‌ಹಮ್ರಿ ಮಾಡುವ ಅನಂತ ವಂದನೆಗಳು. ತಮ್ಮ ಉಣ್ಣೆ ದಟ್ಟವಾಗಿಯೂ ಜೀರ್ಣಶಕ್ತಿ ಮೊದಲಿನಂತೆಯೂ ಇದೆಯೆಂದು ನಂಬಿ, ಒಂದು ಸಣ್ಣ ದೂರನ್ನು ತಮ್ಮ ನಾಲ್ಕೂ ಗೊರಸುಗಳಲ್ಲಿ ಇಡುತ್ತಿದ್ದೇನೆ. ಬಹಿರಂಗವಾಗಿ ಬರೆಯಬೇಕಾದದ್ದು ಏಕೆಂದರೆ, ಖಾಸಗಿಯಾಗಿ ಕೊಟ್ಟ ಮೊದಲ ಪ್ರತಿಯನ್ನು ತಾವು ತಿಂದುಬಿಟ್ಟಿರಿ.

ಕಳೆದ ವರ್ಷ ಬಕ್ರೀದಿಗೆ ಹತ್ತು ದಿನವಿರುವಾಗ, ಹಬ್ಬದ ಸಲುವಾಗಿ ತಾವು ನಮ್ಮ ಅಜ್ಜಿ ಖದ್ದೂಜಾರ ಮನೆಗೆ ದಯಮಾಡಿಸಿದಿರಿ; ಅದೇ ದಿನ ನಾವು ನಾಲ್ವರು, ಏಳು ವರ್ಷದಿಂದ ಹಾಡಿ ಹಾಡಿ ಹಳಸಿದ ಹಾಡುಗಳನ್ನು ಕೊನೆಗಾದರೂ ರೆಕಾರ್ಡ್ ಮಾಡಬೇಕೆಂದು ಅದೇ ಮನೆಯ ನಡುಮನೆಗೆ ಬಂದೆವು. ಹಬ್ಬದ ಮರುದಿನ ಡ್ರಮ್ಮಿನ ಷಮ್ಸು ಒಂದು ವರ್ಷದ ಕಡ್ಡಾಯ ಸೇನಾಸೇವೆಗೆ ಹೊರಡಬೇಕಿದ್ದುದರಿಂದ, ಆ ಹತ್ತು ದಿನ ತಪ್ಪಿದರೆ ಆಲ್ಬಂ ಕೈತಪ್ಪಿದಂತೆಯೇ ಇತ್ತು. ಸದ್ದು ಹೊರಗೆ ಹೋಗದಿರಲೆಂದು ಅಜ್ಜಿಯ ಉಣ್ಣೆಹಾಸಿಗೆಗಳನ್ನು, ಅಂದರೆ ತಮ್ಮ ಪೂರ್ವಿಕರನ್ನು, ಗೋಡೆಗೆ ಒರಗಿಸಿದೆವು. ಆಲ್ಬಮ್ಮಿನ ಹೆಸರು 'ನಡುಗದ ಕತ್ತಿ'. ಅದರ ಮುಖಪುಟಕ್ಕೆ ತಮ್ಮ ತಲೆಬುರುಡೆಯನ್ನೇ ಗೊತ್ತುಮಾಡಿದ್ದೆವೆಂದು ಹೇಳಲು ನಾಚಿಕೆಯಾಗುತ್ತದೆ, ಆದರೆ ದೂರುಪತ್ರದಲ್ಲಿ ಸುಳ್ಳು ಸಲ್ಲದು.

ನಾನು ಗಂಟಲು ಹರಿಯುವಂತೆ ಹಾಡುತ್ತಿದ್ದಾಗಲೆಲ್ಲ ಅಜ್ಜಿ ಕಷಾಯದ ಲೋಟ ಹಿಡಿದು ಬಂದು, "ಹಂಗೆಲ್ಲ ಕಿರಚ್ಬೇಡ್ವೋ, ಇದನ್ನ ಕುಡಿ, ವಾಯು ಇಳಿಯುತ್ತೆ" ಎನ್ನುತ್ತಿದ್ದರು. ಅದನ್ನೂ ಸಹಿಸಿಕೊಂಡೆವು. ಹಬ್ಬದ ಹಿಂದಿನ ಮಧ್ಯಾಹ್ನ ಕೊನೆಯ ಹಾಡಿನ ಕೊನೆಯ ಭಾಗ ಮಾತ್ರ ಉಳಿದಿತ್ತು: ನನ್ನ ದೀರ್ಘ ಆರ್ತನಾದ, ಆಮೇಲೆ ಸ್ಮಶಾನಮೌನ. ಆ ಮೌನದಲ್ಲೇ ಅಜ್ಜಿ ಬಾಲ್ಕನಿಯ ಬಾಗಿಲು ತೆರೆದರು, ತಾವು ಒಳಬಂದಿರಿ, ಷಮ್ಸುವಿನ ದೊಡ್ಡ ಡ್ರಮ್ಮಿನ ಮೇಲೆ ಬಿಡಿಸಿದ್ದ ಕೊಂಬಿನ ತಲೆಯನ್ನು ಕಂಡಿರಿ. ಅದು ನಮ್ಮ ತಂಡದ ಲಾಂಛನ. ತಾವು ಅದನ್ನು ಎದುರಾಳಿಯೆಂದು ಬಗೆದು, ಒಮ್ಮೆ ಅಬ್ಬರಿಸಿ, ಓಡಿಬಂದು ಗುದ್ದಿದ ರಭಸಕ್ಕೆ ಡ್ರಮ್ಮು ಹರಿಯಿತು, ಕಬ್ಬಿಣದ ಅಂಚಿಗೆ ತಗಲಿ ತಮ್ಮ ಬಲಗೊಂಬು ಮುರಿಯಿತು. ಅಂಗಡಿಗಳೆಲ್ಲ ಹಬ್ಬಕ್ಕೆ ಮುಚ್ಚಿದ್ದವು, ಇನ್ನೊಮ್ಮೆ ಬಾರಿಸುವ ಮಾತೇ ಇರಲಿಲ್ಲ; ತಮ್ಮ ಅಬ್ಬರ ಹಾಡಿನ ಕೊನೆಯಲ್ಲಿ ಹಾಗೇ ಉಳಿಯಿತು. ಅಜ್ಜಿ ಮಾತ್ರ, "ಪಾಪ, ಬಿಸಿಲಿಗೆ ಬಾಯಿ ಬಿಡ್ತಿದ್ದ, ಒಳಗೆ ಬಾರೋ ಅಂದೆ, ಅದೂ ತಪ್ಪಾ?" ಎಂದು ನಮ್ಮನ್ನೇ ಗದರಿದರು.

ಕೆಳಮಹಡಿಯ ಇಮಾಮ್ ಶೇಖ್ ತಿಜಾನಿ ಬಂದು ನೋಡಿ, "ಕೊಂಬಲ್ಲಿ ರಕ್ತ ಸೋರ್ತಿದೆಯಲ್ಲಮ್ಮ, ಹಬ್ಬಕ್ಕೆ ಇದು ಆಗಲ್ಲ" ಎಂದರು. ನನ್ನ ಮಾವ ಬೈದುಕೊಳ್ಳುತ್ತ ಇನ್ನೊಂದು ಟಗರು ಹುಡುಕಲು ಓಡಿದರು. ಅದರ ತಲೆಯೂ ನಮಗೆ ದಕ್ಕದೆ ಜೀರಿಗೆ, ಬೆಳ್ಳುಳ್ಳಿಯ ಜೊತೆ ಪಾತ್ರೆಗೆ ಹೋದ ಕಾರಣ, ಮುಖಪುಟದಲ್ಲಿ ಈಗ ಅಜ್ಜಿಯ ಹೂವಿನ ತಲೆವಸ್ತ್ರವನ್ನು ಕೊಂಬಿಗೆ ಸುತ್ತಿಕೊಂಡ ತಮ್ಮ ಭಾವಚಿತ್ರವಿದೆ, ಕೆಳಗೆ 'ನಡುಗದ ಕತ್ತಿ' ಎಂಬ ಅಕ್ಷರಗಳಿವೆ.

ಆಲ್ಬಂ ಹೊರಬಂದ ಮೇಲೆ ತಮ್ಮ ಕೀರ್ತಿಯನ್ನು ನಾನೇನು ಹೊಗಳಲಿ! ಟ್ಯೂನಿಸ್ಸಿನ ವಿಮರ್ಶಕರೊಬ್ಬರು, ಗಾಯಕ ಸುಮಾರು, ಆದರೆ ಕೊನೆಯಲ್ಲಿ ಬರುವ ಎರಡನೆಯ ಕಂಠದಲ್ಲಿ ನಿಜವಾದ ಕ್ರೋಧವಿದೆ ಎಂದು ಬರೆದರು. ಷಮ್ಸು ಬ್ಯಾರಕ್ಕಿನಿಂದ ಫೋನು ಮಾಡಿ, "ಲೋ, ನಮ್ ಸಾರ್ಜೆಂಟು ಆ ಟಗರಿನ ಜಾಗಾನೇ ಮತ್ತೆ ಮತ್ತೆ ಹಾಕು ಅಂತಾನೆ, ನಿನ್ ಹಾಡು ಬಂದ್ರೆ ಓಡ್ಸು ಅಂತಾನೆ" ಎಂದ. ಅಜ್ಜಿ ನೆರೆಯ ಹೆಂಗಸರಿಗೆ ಅಷ್ಟನ್ನೇ ಕೇಳಿಸಿ, "ನಮ್ಮ ಹುಡುಗನ ಗಂಟಲು ನೋಡ್ರೇ" ಎನ್ನುತ್ತಾರೆ. ನಾನು ಪಕ್ಕದಲ್ಲೇ ಕೂತಿರುತ್ತೇನೆ.

ಆದ್ದರಿಂದ ತಾವು ದಯವಿಟ್ಟು ನನಗೆ ದಿನಕ್ಕೊಂದು ಗಂಟೆ ಗಾಯನಪಾಠ ಹೇಳಿಕೊಡಬೇಕು, ಸಂದರ್ಶನಗಳಲ್ಲಿ ನನ್ನ ಹೆಸರನ್ನೂ ಒಮ್ಮೆ ಎತ್ತಬೇಕು, ಎರಡನೇ ಆಲ್ಬಮ್ಮಿನ ಸಾಹಿತ್ಯವನ್ನು ಓದಿದ ಮೇಲಷ್ಟೇ ತಿನ್ನಬೇಕು. ಹೊಟ್ಟೆಕಿಚ್ಚು ಎಷ್ಟೇ ಇರಲಿ, ಬೆಳಿಗ್ಗೆ ತಮ್ಮ ದನಿ ಕೇಳದಿದ್ದರೆ ನನಗೆ ಜೀವವೇ ನಿಲ್ಲುವುದಿಲ್ಲ ಎಂಬುದನ್ನೂ ಇಲ್ಲೇ ಒಪ್ಪಿಕೊಳ್ಳುತ್ತೇನೆ.

ಸದಾ ತಮ್ಮ ನಂತರದ ಸ್ಥಾನದಲ್ಲಿರುವ,
ತಮ್ಮ ವಿಶ್ವಾಸಿ,
ಝುಬೀರ್ ಬೆಲ್‌ಹಮ್ರಿ

ತಾ.ಕ.: ನಿನ್ನೆ ಶೇಖ್ ತಿಜಾನಿಯವರು ಚಹಾಕ್ಕೆ ಬಂದವರು ತಮ್ಮ ಬಲಗೊಂಬನ್ನು ಸವರಿ, "ಗಾಯ ಒಣಗಿದೆಯಮ್ಮ, ಈ ಹಬ್ಬಕ್ಕೆ ಯಾವ ಅಡ್ಡೀನೂ ಇಲ್ಲ" ಎಂದು ಹೇಳಿ ಹೋದರು. ಇನ್ನು ಒಂಬತ್ತೇ ದಿನ. ಷಮ್ಸು ಇನ್ನೂ ಬಂದಿಲ್ಲ, ಬಾರಿಸುವವರು ಯಾರೂ ಇಲ್ಲ. ಆದರೂ ಡ್ರಮ್ಮನ್ನು ಸರಿಮಾಡಿಸಿ, ಕೊಂಬಿನ ತಲೆಯನ್ನು ಮೊದಲಿಗಿಂತ ದೊಡ್ಡದಾಗಿ ಬಿಡಿಸಿ, ನಡುಮನೆಯಲ್ಲಿ ತಮಗೆ ಎದುರಾಗಿ ನಿಲ್ಲಿಸಿದ್ದೇನೆ. ತಮ್ಮ ಎಡಗೊಂಬಿನ ಬಗ್ಗೆ ತಾವು ಬೇಗ ಒಂದು ತೀರ್ಮಾನಕ್ಕೆ ಬರಬೇಕೆಂದು ಕಳಕಳಿಯ ಪ್ರಾರ್ಥನೆ. ಬಾಲ್ಕನಿಯ ಚಿಲಕ ತೆಗೆಯೋಣವೆಂದು ಇಂದು ಬೆಳಿಗ್ಗೆ ಹೋದೆ. ಅಜ್ಜಿ ಆಗಲೇ ತೆಗೆದಿದ್ದರು.