ಎರಡು ಮೀಟರು, ಒಂದು ಗೀಸರು

ತನಗೇ ಅರ್ಥವಾಗದ್ದನ್ನು ಇನ್ನೊಬ್ಬರಿಗೆ ಅರ್ಥ ಮಾಡಿಸುವುದು ಕಷ್ಟ ಎಂದು ಜನ ತಿಳಿದಿದ್ದಾರೆ. ಹಾಗೇನಿಲ್ಲ. ಮುಖ ಸ್ವಲ್ಪ ಗಂಭೀರವಾಗಿರಬೇಕು, ಕನ್ನಡಕ ಮೂಗಿನ ತುದಿಗೆ ಜಾರಿರಬೇಕು, ಕೈಯಲ್ಲೊಂದು ಕೆಂಪು ಪೆನ್ನು ಇರಬೇಕು, ಅಷ್ಟೇ. ನಾನು ಕೊಪ್ಪದಲ್ಲಿ ಮೂವತ್ತು ವರ್ಷ ಹೈಸ್ಕೂಲು ಮಕ್ಕಳಿಗೆ ಗಣಿತ ಹೇಳಿ ನಿವೃತ್ತನಾದವನು. ಗಣಿತ ನನಗೆ ಅರ್ಥವಾಗುತ್ತಿತ್ತು, ಅದರಲ್ಲಿ ಸಂಶಯ ಬೇಡ. ಅರ್ಥವಾಗದೆ ಉಳಿದದ್ದು ಕರೆಂಟ್ ಬಿಲ್ಲು. ಈ ಮಾತನ್ನು ಇಲ್ಲಿಯವರೆಗೆ ಹೆಂಡತಿಯ ಎದುರಿಗೂ ಒಪ್ಪಿಕೊಂಡಿರಲಿಲ್ಲ. ಒಪ್ಪಿಕೊಳ್ಳುವುದಾದರೂ ಹೇಗೆ? ಬೀದಿಯಲ್ಲಿ ಯಾರ ಮನೆಯ ಬಿಲ್ಲು ಜಾಸ್ತಿ ಬಂದರೂ ಮೇಷ್ಟ್ರ ಹತ್ತಿರ ತೋರಿಸಿ ಎನ್ನುವ ರೂಢಿ ಬಿದ್ದುಹೋಗಿತ್ತು. ಗೇಣುದ್ದದ ಆ ತೆಳ್ಳನೆಯ ಕಾಗದ ಹಿಡಿದು ಬಂದವರನ್ನು ಕೂರಿಸಿ, ನಾಲ್ಕು ಸಾಲುಗಳ ಕೆಳಗೆ ಕೆಂಪು ಗೆರೆ ಎಳೆದು, "ಫ್ರಿಜ್ಜು ಹಳೇದಾ?" ಎಂದು ಕೇಳುತ್ತಿದ್ದೆ. ಯಾರ ಮನೆಯ ಫ್ರಿಜ್ಜು ತಾನೇ ಹೊಸದಿರುತ್ತದೆ? ಬಂದವರು ಸಮಾಧಾನದಿಂದ ಹೋಗುತ್ತಿದ್ದರು. ನಾನೂ ಸಮಾಧಾನವಾಗಿದ್ದೆ.

ನಮ್ಮದು ಒಂದೇ ಸೂರಿನಡಿಯ ಎರಡು ಭಾಗದ ಮನೆ. ಒಂದರಲ್ಲಿ ನಾನು ಮತ್ತು ನನ್ನ ಹೆಂಡತಿ ವಿಶಾಲ. ಇನ್ನೊಂದರಲ್ಲಿ ಬಾಡಿಗೆಗೆ ಸುಜಾತ. ಸುಜಾತ ಬಟ್ಟೆ ಹೊಲಿಯುತ್ತಾಳೆ. ಗಂಡ ಬಾಳೆಹೊನ್ನೂರಿನ ಕಡೆ ಎಸ್ಟೇಟೊಂದರಲ್ಲಿ ಜೀಪು ಓಡಿಸುತ್ತಾನೆ, ಮನೆಗೆ ಬರುವುದು ವಾರಕ್ಕೊಮ್ಮೆ. ಅವಳು ನನ್ನ ಹಳೆಯ ವಿದ್ಯಾರ್ಥಿನಿಯೂ ಹೌದು. ಹಾಗಾಗಿ ನಾನು ಹೇಳಿದ್ದಕ್ಕೆ ಎದುರು ಹೇಳುವ ಅಭ್ಯಾಸ ಅವಳಿಗಿಲ್ಲ. ಎರಡೂ ಭಾಗದ ಮೀಟರುಗಳು ಮುಂದಿನ ಜಗಲಿಯ ಗೋಡೆಯಲ್ಲಿ ಅಕ್ಕಪಕ್ಕ ಕೂತಿವೆ, ಒಂದೊಂದರ ಕೆಳಗೂ ಅದರದರ ಮೈನ್ ಸ್ವಿಚ್ಚು. ಎರಡರ ಬಿಲ್ಲೂ ನನ್ನ ಹೆಸರಿಗೇ ಬರುತ್ತದೆ, ನಂಬರು ಮಾತ್ರ ಬೇರೆ. ಗೊಂದಲವಾಗಬಾರದೆಂದು ನಾನೇ ಒಂದರ ಮೇಲೆ ‘ಮನೆ’, ಇನ್ನೊಂದರ ಮೇಲೆ ‘ಬಾಡಿಗೆ’ ಎಂದು ದುಂಡಗೆ ಬರೆದು ಚೀಟಿ ಅಂಟಿಸಿದ್ದೆ. ಮೀಟರ್ ಓದುವವರು ಚೀಟಿ ನೋಡಿಯೇ ಬಿಲ್ಲನ್ನು ಆಯಾ ಭಾಗದ ಕಿಟಕಿಗೆ ಸಿಕ್ಕಿಸಿ ಹೋಗುತ್ತಿದ್ದರು. ಕಳೆದ ಯುಗಾದಿಗೆ ಗೋಡೆಗೆ ಬಣ್ಣ ಹೊಡೆಯುವಾಗ ಚೀಟಿ ಕಿತ್ತುಹೋದವು. ಬಣ್ಣ ಒಣಗಿದ ಮೇಲೆ ನೆನಪಿನಿಂದ ಮತ್ತೆ ಅಂಟಿಸಿದೆ. ನನ್ನ ನೆನಪಿನ ಶಕ್ತಿಯ ಮೇಲೆ ನನಗೆ ಬಹಳ ವಿಶ್ವಾಸ.

ಆಮೇಲೆ ಗೀಸರಿನ ವಿಷಯ. ಸ್ನಾನದ ಹಂಡೆಯ ಒಲೆಗೆ ಊದಿ ಊದಿ ಸಾಕಾಯ್ತು, ಒಂದು ಗೀಸರು ಹಾಕಿಸಿ ಎಂದು ವಿಶಾಲ ಐದಾರು ವರ್ಷದಿಂದ ಕೇಳುತ್ತಿದ್ದಳು. ನಾನು ಬಿಲ್ಲಿನ ಹೆಸರು ಹೇಳಿ ಮುಂದೂಡುತ್ತಿದ್ದೆ. ಸರ್ಕಾರ ಪ್ರತಿ ಮನೆಗೂ ಇಂತಿಷ್ಟು ಯೂನಿಟ್ ಪುಕ್ಕಟೆ ಎಂದ ಮೇಲಂತೂ ನಮಗೆ ಪ್ರತಿ ತಿಂಗಳೂ ಸೊನ್ನೆ ಬಿಲ್ಲು ಬರುತ್ತಿತ್ತು. ಆ ಸೊನ್ನೆಯ ಮೇಲೆ ನನಗೆ ವಿಪರೀತ ಮೋಹ. ಗೀಸರು ಬಂದರೆ ಮಿತಿ ದಾಟುತ್ತದೆ, ಸೊನ್ನೆ ಹೋಗುತ್ತದೆ ಎಂದು ಲೆಕ್ಕ ಹಾಕಿ ತೋರಿಸಿದೆ. ವಿಶಾಲ ಲೆಕ್ಕ ನೋಡಲಿಲ್ಲ. ಹೊಗೆಗೆ ಕೆಂಪಾದ ತನ್ನ ಕಣ್ಣು ತೋರಿಸಿದಳು. ಜೂನಿನಲ್ಲಿ ಗೀಸರು ಬಂತು.

ಮೊದಲ ತಿಂಗಳ ಬಿಲ್ಲು ಕಿಟಕಿಯ ಸರಳಿಗೆ ಸಿಕ್ಕಿಸಿದ್ದನ್ನು ತೆಗೆದು ನೋಡಿದರೆ ಸೊನ್ನೆ! ಬೆಳಿಗ್ಗೆ ಹದಿನೈದೇ ನಿಮಿಷ ಹಾಕಬೇಕೆಂದು ನಾನು ಮಾಡಿದ ಕಟ್ಟುನಿಟ್ಟಿನ ಫಲ ಇದು ಎಂದು ತೀರ್ಮಾನಿಸಿದೆ. ಸೊನ್ನೆ ಕಂಡ ಮೇಲೆ ಉಳಿದ ಸಾಲುಗಳನ್ನು ಯಾರು ಓದುತ್ತಾರೆ? ಮುಂದಿನ ತಿಂಗಳೂ ಸೊನ್ನೆ. ಧೈರ್ಯ ಬಂದು ಸಂಜೆಯೂ ಬಿಸಿನೀರಿನ ಸ್ನಾನ ಶುರು ಮಾಡಿದೆ. ಪೇಟೆಯಲ್ಲಿ ಸಿಕ್ಕವರಿಗೆಲ್ಲ ವೈಜ್ಞಾನಿಕವಾಗಿ ಗೀಸರು ಬಳಸುವುದು ಹೇಗೆಂದು ವಿವರಿಸತೊಡಗಿದೆ. ಒಂದಿಬ್ಬರು ನನ್ನನ್ನು ಕಂಡರೆ ರಸ್ತೆಯ ಆಚೆ ಬದಿಗೆ ಹೋಗತೊಡಗಿದ್ದು ಆಗಿನಿಂದಲೇ.

ಅದೇ ಹೊತ್ತಿಗೆ ಸುಜಾತ ತನ್ನ ಬಿಲ್ಲು ಹಿಡಿದು ಬಂದಳು. ಅವಳಿಗೂ ಸೊನ್ನೆ ಬರುತ್ತಿದ್ದದ್ದು, ಈಗ ಎರಡು ತಿಂಗಳಿಂದ ದುಡ್ಡು ಕಟ್ಟುವಂತಾಗಿದೆ. ನಾನು ಕನ್ನಡಕ ಜಾರಿಸಿ, ಕೆಂಪು ಗೆರೆ ಎಳೆದು, ಹೊಲಿಗೆ ಮಿಷಿನ್ನಿನ ಮೋಟಾರೇ ಕಾರಣ ಎಂದೆ. ಅವಳು ಮರುದಿನವೇ ಮೋಟಾರು ಬಿಚ್ಚಿಟ್ಟು ಕಾಲಿನಲ್ಲಿ ತುಳಿಯತೊಡಗಿದಳು. ಮುಂದಿನ ತಿಂಗಳು ಬಿಲ್ಲು ಇನ್ನೂ ಏರಿತು. ನನ್ನ ಸಂಜೆ ಸ್ನಾನ ಅಷ್ಟರಲ್ಲಿ ಜಾರಿಗೆ ಬಂದಿತ್ತು. ಹಾಗಾದರೆ ಇಸ್ತ್ರಿಪೆಟ್ಟಿಗೆ ಎಂದೆ. ಅವಳು ಎಲ್ಲಿಂದಲೋ ಇದ್ದಿಲಿನ ಪೆಟ್ಟಿಗೆ ತಂದುಕೊಂಡಳು. ಅದರ ಮುಂದಿನ ತಿಂಗಳೂ ಇಳಿಯದಿದ್ದಾಗ ನನಗೆ ಸ್ವಲ್ಪ ಬೇಸರವೇ ಬಂತು, ಅವಳ ಮೇಲೆ. ಮಿತವ್ಯಯ ಎಲ್ಲರಿಗೂ ಒಗ್ಗುವುದಿಲ್ಲ, ಊರಿಗೆ ಹೋಗುವಾಗಲಾದರೂ ಜಗಲಿಯ ಮೈನ್ ಸ್ವಿಚ್ಚು ಇಳಿಸಿ ಹೋಗು ಎಂದು ಹೇಳಿ ಕಳಿಸಿದೆ. ಮಿಷಿನ್ನು ತುಳಿಯುವ ಕಟಕಟ ಸದ್ದು ಗೋಡೆಯಾಚೆಯಿಂದ ಇಡೀ ದಿನ ಕೇಳುತ್ತಿತ್ತು. ಮೋಟಾರಿದ್ದಾಗ ನಾಲ್ಕಕ್ಕೇ ಮುಗಿಯುತ್ತಿದ್ದ ಕೆಲಸ ಈಗ ಏಳಾದರೂ ಮುಗಿಯುತ್ತಿರಲಿಲ್ಲ. ಅದು ನನ್ನ ಕಿವಿಗೆ ಬೀಳುತ್ತಿತ್ತು, ತಲೆಗೆ ಹೋಗಲಿಲ್ಲ.

ದೀಪಾವಳಿ ಬಂತು. ನಮ್ಮಲ್ಲಿ ನೀರು ತುಂಬುವ ಹಬ್ಬದ ಸಂಜೆ ಹಂಡೆ ತೊಳೆದು, ಅದಕ್ಕೆ ಹಿಂಡ್ಲೆಕಾಯಿ ಎಂಬ ಕಾಡುಬಳ್ಳಿ ಸುತ್ತಿ, ಪೂಜೆ ಮಾಡಿ ಹೊಸ ನೀರು ತುಂಬಬೇಕು. ಮರುದಿನ ಬೆಳಗಾಗುವ ಮುಂಚೆ ಎಣ್ಣೆಸ್ನಾನ. ನಮ್ಮ ಹಂಡೆ ಆಗಲೇ ತಾರಸಿಯಲ್ಲಿ ಕರಿಬೇವಿನ ಗಿಡ ಹೊತ್ತುಕೊಂಡಿತ್ತು. ವಿಶಾಲ ಒಂದು ಕ್ಷಣ ಯೋಚಿಸಿ, ಸ್ಟೂಲು ಹತ್ತಿ ಬಳ್ಳಿಯನ್ನು ಗೀಸರಿಗೇ ಸುತ್ತಿ ಕುಂಕುಮ ಇಟ್ಟಳು. ಕೆಂಪು ದೀಪ ಉರಿಸಿಕೊಂಡು ಗೀಸರು ಗಂಭೀರವಾಗಿ ಪೂಜೆ ಸ್ವೀಕರಿಸಿತು.

ಬೆಳಗಿನ ಜಾವ ನಾನು ನೆತ್ತಿಯಿಂದ ಅಂಗಾಲಿನ ತನಕ ಎಣ್ಣೆ ಬಳಿದುಕೊಂಡು, ಪಂಚೆಯ ತುಂಡು ಸುತ್ತಿಕೊಂಡು ಬಚ್ಚಲ ಮಣೆಯ ಮೇಲೆ ಕೂತೆ. ಗೀಸರಿನ ಗುಂಡಿ ಒತ್ತಿ ಎರಡು ನಿಮಿಷವಾಗಿರಬೇಕು, ಇಡೀ ಮನೆಯ ಕರೆಂಟು ಹೋಯಿತು. ಕರೆಂಟು ಹೋಗುವುದು ನಮಗೇನು ಹೊಸದೇ? ಈಗ ಬಂದೀತು ಎಂದು ಕಾದೆ. ಎಣ್ಣೆ ಕಣ್ಣಿಗೆ ಇಳಿಯಿತು. ಮುಕ್ಕಾಲು ಗಂಟೆ ಕಳೆದರೂ ಬರಲಿಲ್ಲ. ಸಂಬಂಧಪಟ್ಟವರನ್ನೆಲ್ಲ ಕತ್ತಲಲ್ಲಿ ಕೂತು ಮನಸಾರೆ ಬೈದೆ. ಕೊನೆಗೆ ವಿಶಾಲ ಬಾಗಿಲ ಸಂದಿಯಿಂದ ಹೇಳಿದಳು: "ಮಾರಾಯ್ರೆ, ಬೀದಿ ದೀಪ ಉರೀತಾ ಇದೆ. ಸುಜಾತನ ಬಾಗಿಲ ದೀಪನೂ ಉರೀತಾ ಇದೆ. ಹೋಗಿದ್ದು ನಮಗೊಬ್ಬರಿಗೇ."

ಸುಜಾತ ಮನೆಯಲ್ಲಿರಲಿಲ್ಲ. ಹಬ್ಬಕ್ಕೆಂದು ಕೆರೆಕಟ್ಟೆಯ ತವರಿಗೆ ಮೊದಲ ಬಸ್ಸಿಗೇ ಹೊರಟಿದ್ದಳು. ಅಲ್ಲಿಗೆ ಬಸ್ಸುಗಳು ಬೆರಳೆಣಿಕೆಯಷ್ಟು, ಒಂದು ತಪ್ಪಿದರೆ ದಿನವೇ ಹೋದ ಹಾಗೆ. ವಿಶಾಲ ಅವಳಿಗೆ ಫೋನು ಮಾಡಿ ಸ್ಪೀಕರು ಹಾಕಿದಳು. ಬಸ್ಸಿನ ಸದ್ದಿನ ನಡುವೆ ಅವಳ ಧ್ವನಿ ಕೇಳಿತು. "ಬಾಡಿಗೆ ಅಂತ ಬರ್ದಿದ್ದ ಸ್ವಿಚ್ಚು ಇಳ್ಸಿ ಬಂದೆ ಅಕ್ಕ, ಬಸ್ಸಿನ ಗಡಿಬಿಡೀಲಿ ತಿರುಗಿ ನೋಡ್ಲಿಲ್ಲ. ಸಾರೇ ಹೇಳಿದ್ದಲ್ದಾ, ಊರಿಗೆ ಹೋಗ್ವಾಗ ಇಳ್ಸು ಅಂತ." ವಿಶಾಲ ಜಗಲಿಗೆ ಹೋಗಿ ‘ಬಾಡಿಗೆ’ಯ ಸ್ವಿಚ್ಚು ಎತ್ತಿದಳು. ನಮ್ಮ ಬಚ್ಚಲಿನ ದೀಪ ಹೊತ್ತಿತು. ಬಳ್ಳಿಯ ನಡುವಿನಿಂದ ಗೀಸರಿನ ಕೆಂಪು ದೀಪ ನನ್ನನ್ನೇ ನೋಡಿತು.

ನಾನು ಆ ದಿನ ತಣ್ಣೀರಿನಲ್ಲೇ ಸ್ನಾನ ಮಾಡಿದೆ. ಗೀಸರಿನ ಗುಂಡಿ ಆರಿಸಿಬಿಟ್ಟೆ. ಆ ಹೆಣ್ಣುಮಗಳು ಮೂರು ತಿಂಗಳು ಮಿಷಿನ್ನು ತುಳಿದದ್ದು ನನ್ನ ಬೆನ್ನಿಗೆ ಬಿಸಿನೀರು ಬೀಳಲಿ ಎಂದೇ ಆಯಿತಲ್ಲ. ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚು ಹೆದರಿಕೆಯಾಯಿತು. ಚೀಟಿ ಬರೆದವನು ನಾನು, ಅದಲುಬದಲು ಅಂಟಿಸಿದವನು ನಾನು, ಬಿಲ್ಲು ವಿವರಿಸಿದವನೂ ನಾನು. ಮನೆಯ ಯಜಮಾನ ಬೇಕೆಂದೇ ಬಾಡಿಗೆಯವರಿಂದ ತನ್ನ ಕರೆಂಟಿನ ದುಡ್ಡು ಕಟ್ಟಿಸಿಕೊಂಡ ಎಂದು ಅವಳು ತಿಳಿದರೆ ಏನು ಹೇಳಲಿ? ಮೂವತ್ತು ವರ್ಷದ ಮೇಷ್ಟ್ರು ಅಷ್ಟು ಪೆದ್ದನಾಗಿರಲಿಕ್ಕಿಲ್ಲ ಎಂದೇ ಎಲ್ಲರೂ ಭಾವಿಸುತ್ತಾರೆ. ಜೀವನದಲ್ಲಿ ಮೊದಲ ಬಾರಿಗೆ, ನಾನು ಪೆದ್ದನೆಂದು ಜನ ನಂಬಲಿ ಎಂದು ಪ್ರಾರ್ಥಿಸಿದೆ.

ಸುಜಾತ ಮೂರನೇ ದಿನ ಬಂದಳು. ಅವಳು ಚೀಲ ಇಳಿಸುವ ಮೊದಲೇ ಜಗಲಿಯಲ್ಲಿ ನಿಂತು ಎಲ್ಲ ಹೇಳಿದೆ. ಅವಳು ಕಟ್ಟಿದ್ದಷ್ಟನ್ನೂ ಒಂದು ಲಕೋಟೆಯಲ್ಲಿ ಹಾಕಿಟ್ಟಿದ್ದೆ, ಕೊಟ್ಟೆ. ಅವಳು ಮೀಟರುಗಳನ್ನು ನೋಡಿದಳು, ಚೀಟಿಗಳನ್ನು ನೋಡಿದಳು, ನನ್ನನ್ನು ನೋಡಿದಳು. ಲಕೋಟೆ ಎಣಿಸದೆ ಸೊಂಟಕ್ಕೆ ಸಿಕ್ಕಿಸಿಕೊಂಡು, ಸಿಟ್ಟಿಲ್ಲದ ಧ್ವನಿಯಲ್ಲಿ ಕೇಳಿದಳು: "ದುಡ್ಡಿಂದು ಸರಿಯಾಯ್ತು ಸಾರ್. ನನ್ನ ಮೊಣಕಾಲಿಂದು ಎಂತ ಲೆಕ್ಕ?"

ಆ ಲೆಕ್ಕವನ್ನು ವಿಶಾಲ ಮಾಡಿದಳು. ಕಾಲು ನೋವು ಕಡಿಮೆಯಾಗುವ ತನಕ ದಿನಾ ಎರಡು ಕೊಡ ಬಿಸಿನೀರು ಗೋಡೆಯಾಚೆಗೆ ಹೋಗಬೇಕು, ಹೊತ್ತುಕೊಂಡು ಹೋಗುವವರು ಇವರು ಎಂದು ತೀರ್ಪು ಕೊಟ್ಟಳು. ಸುಜಾತನ ಮೋಟಾರನ್ನು ಅದೇ ಸಂಜೆ ಸಿಕ್ಕಿಸಲಾಯಿತು. ಆ ಗುಂಯ್ ಎನ್ನುವ ಸದ್ದು ಕೇಳಿ ನನಗೆ ಒಳ್ಳೆಯ ನಿದ್ದೆ ಬಂತು. ಚೀಟಿಗಳನ್ನು ಅವಳೇ ಬರೆದು ಅಂಟಿಸಿದಳು. ಅಕ್ಷರ ಅಷ್ಟೇನೂ ದುಂಡಗಿಲ್ಲ.

ಮುಂದಿನ ತಿಂಗಳು ನಮಗೆ ಸೊನ್ನೆ ಬರಲಿಲ್ಲ. ಸುಜಾತ ಎರಡೂ ಬಿಲ್ಲು ಹಿಡಿದು ಜಗಲಿಯ ಕಟ್ಟೆಯಲ್ಲಿ ಕೂತು ನನ್ನನ್ನು ಕರೆದಳು. ಈ ಸಲ ಮೀಟರ್ ಓದಲು ಬಂದವರನ್ನು ನಿಲ್ಲಿಸಿ ಎಲ್ಲ ಕೇಳಿ ತಿಳಿದುಕೊಂಡಿದ್ದಳಂತೆ. ಅವರನ್ನೇ ಕೇಳಬಹುದೆಂದು ಇಷ್ಟು ವರ್ಷ ನನಗೆ ಹೊಳೆದೇ ಇರಲಿಲ್ಲ. ಇದು ದೀಪ ಉರಿಸದಿದ್ದರೂ ಕಟ್ಟಬೇಕಾದ್ದು, ಇದು ಉರಿಸಿದ್ದಕ್ಕೆ, ಇದು ತೆರಿಗೆ, ಇದು ಸರ್ಕಾರ ಕಳೆದದ್ದು ಎಂದು ಬೆರಳಿಟ್ಟು ತೋರಿಸುತ್ತಾ ಹೋದಳು. ಎರಡನೇ ಸಾಲಿನವರೆಗೆ ಜೊತೆಯಲ್ಲೇ ಇದ್ದೆ. ಮೂರರಲ್ಲಿ ದಾರಿ ತಪ್ಪಿತು.

"ಅರ್ಥ ಆಯ್ತಾ ಸಾರ್?"

"ಆಯ್ತು" ಎಂದೆ.

ಅವಳು ನನ್ನ ಮುಖ ನೋಡಿದಳು. "ಆಗ್ಲಿಲ್ಲ ಅಲ್ದಾ? ನಾವೂ ಕ್ಲಾಸಲ್ಲಿ ಹಿಂಗೇ ಹೇಳ್ತಿದ್ದದ್ದು" ಎಂದು, ಬೆರಳನ್ನು ಮತ್ತೆ ಮೊದಲ ಸಾಲಿಗೆ ಒಯ್ದು ನಿಧಾನವಾಗಿ ಶುರು ಮಾಡಿದಳು. ಮೂವತ್ತು ವರ್ಷದಲ್ಲಿ ನಾನು ಒಮ್ಮೆಯೂ ಹಾಗೆ ಮಾಡಿದ ನೆನಪಿಲ್ಲ.